ನಿರೋಪದ ವಹಿ

ಬರೆದಾದ ಮೇಲೆ ಅದು ಕಾರಕೂನ ಅಮರಪ್ಪನ ಕಣ್ಣಿಗೆ ಬಿತ್ತು. 'ಶಿಪಾಯಿ ಖಂಡಪ್ಪ ಇವರಿಗೆ.' ಕಾಲೇಜು ಶುರುವಾದ ಈ ಮೂರು ವರ್ಷಗಳಲ್ಲಿ ಈ ವಹಿಯೊಳಗೆ ಖಂಡಪ್ಪನ ಹೆಸರು ಏಳೆಂಟು ಸಲ ಬಂದಿರಬೇಕು. ಗಂಟೆಯನ್ನು ಐದು ಮಿನಿಟು ತಡಮಾಡಿ ಹೊಡೆದನು, ಕುಡಿಯುವ ನೀರಿನ ಹರವಿಯನ್ನು ತೆರೆದಿಟ್ಟನು, ಲಾಯಬ್ರರಿಯ ಕೀಲಿಯನ್ನು ಮರೆತು ಊರಿಗೆ ಒಯ್ದನು. ಪ್ರತಿಸಲವೂ ಬರೆದದ್ದು ಇದೇ ಕೈ, ಪ್ರತಿಸಲವೂ ಅವನು ಬರಿಯ 'ಖಂಡಪ್ಪನು'. ಈ ಹೊತ್ತು 'ಇವರಿಗೆ' ಎಂಬುದು ಎಲ್ಲಿಂದ ಬಂತೋ. ಹೊಡೆದುಹಾಕಿದರೆ ಹಾಳೆ ಹೊಲಸಾಗುತ್ತದೆ, ಪ್ರಿನ್ಸಿಪಾಲರಿಗೆ ಅದು ಸೇರುವುದಿಲ್ಲ. ಹಾಗೇ ಬಿಟ್ಟು ಮಸಿ ಆರಲೆಂದು ಊದಿದ. ಎಡಗೈಯ ಕೆಳಗೆ ಪ್ರಿನ್ಸಿಪಾಲರ ಇಂಗ್ಲಿಷ್ ಚೀಟಿ ಇತ್ತು, ಮೂರೇ ಸಾಲು. ಐವತ್ತೈದು ತುಂಬಿದ ನೌಕರರನ್ನು ಅಕ್ಟೋಬರ ಕೊನೆಗೆ ಬಿಡಿಸಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿತ್ತು. ದಾಖಲೆಯ ಪ್ರಕಾರ ಹಾಗೆ ತುಂಬಿದವನು ಇಡೀ ಕಾಲೇಜಿನಲ್ಲಿ ಖಂಡಪ್ಪ ಒಬ್ಬನೇ. ಅವನು ಊರಿಗೆ ಹೋಗಲು ನಾಲ್ಕು ದಿನದ ರಜೆ ಕೇಳಿದ್ದ, ತಿಂಗಳು ಮುಗಿಯಲು ಉಳಿದದ್ದೂ ನಾಲ್ಕೇ ದಿನ. ಕೇಳಿದ್ದನ್ನು ಕೊಟ್ಟುಬಿಡಿ, ಮತ್ತೆ ಬರುವುದು ಬೇಡ ಎಂದು ಪ್ರಿನ್ಸಿಪಾಲರು ಚೀಟಿ ಕೊಡುವಾಗ ಹೇಳಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ದಿನದ ಸಣ್ಣಪುಟ್ಟ ಸೂಚನೆಗಳನ್ನು ಬಿಟ್ಟರೆ, ಆಗಸ್ಟಿನ ತನಕ ಮಂಡಳಿಯ ಇಂಥ ಆಜ್ಞೆಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅವೂ ಕನ್ನಡದಲ್ಲಿರಬೇಕೆಂದು ಮಂಡಳಿಯವರು ಹೇಳಿದ್ದರಿಂದ ಅಮರಪ್ಪ ಒಂದೊಂದೇ ಮಾತಿಗೆ ಕನ್ನಡ ಹುಡುಕಬೇಕಾಗಿತ್ತು. 'ಬಿಡುಗಡೆ' ಎಂದರೆ ಜೇಲಿನ ನೆನಪು ಬರುತ್ತಿತ್ತು. 'ಮುಕ್ತ' ಎಂದರೆ ಸತ್ತವರ ಮಾತಾಯಿತು. ಕೊನೆಗೆ 'ಸೇವೆಯಿಂದ ರಜಾ ಕೊಡಲಾಗಿದೆ' ಎಂದು ಬರೆದಿದ್ದ. ಬರೆದಾಗ ಅದು ಸರಿಯಾಗಿಯೇ ಕಂಡಿತ್ತು.

ವಹಿಯ ರಟ್ಟಿನ ಮೇಲೆ ನೋಟೀಸ ಬುಕ್ಕು ಎಂದೇ ಬರೆದಿತ್ತು. ನಿರೋಪದ ವಹಿ, ಎಂದರೆ ಅಪ್ಪಣೆ-ಸುದ್ದಿಯ ವಹಿ, ಎಂದು ಕರೆದವನು ಖಂಡಪ್ಪ, ಆಮೇಲೆ ಎಲ್ಲರೂ ಹಾಗೇ ಅಂದರು. ಪುಣೆಯ ಕಡೆಯಿಂದ ಬಂದ ಇತಿಹಾಸದ ಪ್ರೊಫೆಸರರು, ತಮ್ಮ ಮರಾಠಿಯಲ್ಲಿ ನಿರೋಪವೆಂದರೆ ಬೀಳ್ಕೊಡುವುದೂ ಹೌದು ಎಂದು ಒಮ್ಮೆ ಹೇಳಿ ತಾವೇ ನಕ್ಕಿದ್ದರು. ಮುಂಜಾನೆ ಅಮರಪ್ಪ ಬರೆಯುವುದು, ಖಂಡಪ್ಪ ಅದನ್ನು ಬಗಲಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ಒಯ್ಯುವುದು, ಪ್ರತಿಯೊಬ್ಬರೂ ಕೆಳಗೆ 'ಕಂಡೆ' ಎಂದು ಬರೆದು ಸಹಿ ಮಾಡುವುದು, ಎಲ್ಲರದೂ ಆದ ಮೇಲೆ ಖಂಡಪ್ಪ ತನ್ನ ಹೆಬ್ಬೆಟ್ಟು ಒತ್ತಿ ವಹಿಯನ್ನು ಪ್ರಿನ್ಸಿಪಾಲರ ಮೇಜಿಗೆ ಮುಟ್ಟಿಸುವುದು. ಓದಲು ಬಾರದ ಖಂಡಪ್ಪ, ಹೊರಡುವ ಮೊದಲು ಬರೆದದ್ದೇನೆಂದು ಕೇಳಿ ತಿಳಿದುಕೊಳ್ಳುತ್ತಿದ್ದ. ತಿಳಿದದ್ದನ್ನು ಪ್ರತಿ ಮೇಜಿನ ಮುಂದೆ ತನ್ನ ಮಾತಿನಲ್ಲಿ ಸಾರುತ್ತಿದ್ದ. ನಾಳೆ ಸೂಟಿ ಇದೆ, ನಾಡಿದ್ದು ಮಂಡಳಿಯವರು ಬರುತ್ತಾರೆ, ಯಾರೋ ಖಿಡಕಿ ಮುಚ್ಚದೆ ಹೋಗಿದ್ದಾರೆ. ಹೀಗಾಗಿ ಬಹಳ ಜನ ಬರೆದದ್ದನ್ನು ಓದುವ ರೂಢಿಯನ್ನೇ ಬಿಟ್ಟಿದ್ದರು. ಬರೆಯುವವನು ಮಾತ್ರ ಎಂದೂ ಸಹಿ ಮಾಡಬೇಕಾಗಿರಲಿಲ್ಲ. ಅವನು ಕಂಡಿದ್ದಾನೆಂದು ಎಲ್ಲರೂ ನಂಬಿದ್ದರು.

ಖಂಡಪ್ಪ ಬಂದ. ಹೊರಗೆ ಬೇವಿನ ಮರಕ್ಕೆ ತೂಗುಬಿಟ್ಟ ರೈಲಿನ ಹಳಿಯ ತುಂಡಿಗೆ ಆಗಷ್ಟೇ ಹೊಡೆದು ಬಂದಿದ್ದರಿಂದ ಸುತ್ತಿಗೆ ಇನ್ನೂ ಕೈಯಲ್ಲಿತ್ತು. ಅದನ್ನು ಮೂಲೆಗಿಟ್ಟು, ತಲೆಗೆ ಸುತ್ತಿದ ಪಟಗದ ತುದಿಯಿಂದ ಕತ್ತು ಒರೆಸಿಕೊಂಡು, ಇವತ್ತೇನು ನಿರೋಪ ಎಂದು ಎಂದಿನಂತೆ ಕೇಳಿದ. ಅಮರಪ್ಪ ಮಸಿಯ ದೌತಿಯ ಮುಚ್ಚಳವನ್ನು ತಿರುವುತ್ತಿದ್ದ. ಹೇಳಬೇಕಾದ ಮಾತು ಎರಡು ಇದ್ದವು, 'ರಜಾ' ಎಂಬ ಒಂದರಲ್ಲೇ ಎರಡೂ ಇದ್ದವು. ಇವನು ಸಣ್ಣದನ್ನು ಹಿಡಿದುಕೊಂಡ.

"ನಿಮಗ ರಜಾ ಕೊಟ್ಟಾರ."

"ಖರೇನ? ನಾಲ್ಕೂ ದಿನಾ?"

"ಹೂಂ. ನಾಲ್ಕೂ ದಿನ."

ಖಂಡಪ್ಪ ಹಲ್ಲು ಬಿಟ್ಟ. "ಇಂಗ್ಲೀಷರಿಗೇ ರಜಾ ಕೊಟ್ಟ ಕಳಿಸ್ಯಾರಂತ. ನನ್ನಂಥಾವಗ ಕೊಡೂದೇನ ದೊಡ್ಡದ್ರಿ."

ಅವನ ಮಗಳು ಪರಸವ್ವ ಟಿಕೋಟದ ಕಡೆಯ ತಮ್ಮ ಊರು ಘೋಣಸಗಿಯಲ್ಲಿ ಹಡೆದು ಹತ್ತು ದಿನವಾಗಿತ್ತು. ನಾಡಿದ್ದು ಕೂಸಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವುದಿತ್ತು. ಹೆಂಡತಿ ಬೋರವ್ವ ಮೂರು ಸಲ ಹೇಳಿಕಳಿಸಿದ್ದಳು. ರಜೆಯ ಅರ್ಜಿಯನ್ನು ಬರೆದುಕೊಟ್ಟವನೂ ಅಮರಪ್ಪನೇ. ಖಂಡಪ್ಪ ವಹಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋದ. ಅವನ ಚಪ್ಪಲಿಯ ಸಪ್ಪಳ ಪಡಸಾಲೆಯ ಕಲ್ಲುಹಾಸಿನ ಮೇಲೆ ದೂರವಾಗುವುದನ್ನು ಕೇಳುತ್ತ, ಕರೆದು ನಿಲ್ಲಿಸಲು ಇನ್ನೂ ಹೊತ್ತಿದೆ, ಇನ್ನೂ ಇದೆ ಎಂದು ಅಮರಪ್ಪ ಅಂದುಕೊಳ್ಳುತ್ತಿರುವಾಗಲೇ ಮೊದಲನೆಯ ಕೋಣೆಯಿಂದ ಅವನ ದನಿ ಕೇಳಿಸಿತು. ನನಗ ರಜಾ ಕೊಟ್ಟಾರ್ರಿ ಸಾಹೇಬ್ರ. ಅದಾದ ಮೇಲೆ ಯಾರದೂ ನಗೆ ಕೇಳಲಿಲ್ಲ.

ಸುಮ್ಮನೆ ಕೂಡಲಾಗದೆ ಕಪಾಟಿನಿಂದ ನೌಕರರ ದಾಖಲೆಯನ್ನು ತೆಗೆದ. ತೆಗೆಯುವ ಕಾರಣವಿರಲಿಲ್ಲ, ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಖಂಡಪ್ಪನ ಹೆಸರಿನ ಮುಂದೆ ಹುಟ್ಟಿದ ವರ್ಷ ೧೮೯೨ ಎಂದು ದುಂಡಗೆ ಬರೆದಿತ್ತು. ಅದನ್ನು ಬರೆದ, ಮೂರು ವರ್ಷದ ಹಿಂದಿನ ಆ ಜೂನ್ ತಿಂಗಳಲ್ಲಿ ಕಾಲೇಜು ಆರಂಭವಾಗಿ ಎರಡೇ ದಿನವಾಗಿತ್ತು. ಧಾರವಾಡದಿಂದ ಮೂರನೆಯ ದರ್ಜೆಯ ಬಿ.ಎ. ಹಿಡಿದುಕೊಂಡು ಬಂದ ಅಮರಪ್ಪ, ಪಾಠ ಹೇಳುವ ಜಾಗ ಇಲ್ಲವೆಂದು ಕಾರಕೂನನ ಕುರ್ಚಿಯಲ್ಲಿ ಕುಳಿತಿದ್ದ. ಎದುರಿಗೆ ಸೇರಿಸಿಕೊಳ್ಳಬೇಕಾದ ಶಿಪಾಯಿಗಳ ಸಾಲು, ಖಂಡಪ್ಪ ಕೊನೆಯವನು. ಹೊಟ್ಟೆ ಹಸಿದಿತ್ತು, ಪಕ್ಕದ ಕೋಣೆಯಲ್ಲಿ ಹೊಸ ಪ್ರೊಫೆಸರರು ಚಹ ಕುಡಿಯುತ್ತ ನಗುತ್ತಿದ್ದರು, ಅವರಲ್ಲಿ ಒಬ್ಬ ಇವನ ಜೊತೆಗೇ ಓದಿದವನು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಖಂಡಪ್ಪ, ಬರದಾಗ ಹುಟ್ಟೀನ್ರಿ ಅಂದ. ಬಬಲೇಶ್ವರದ ಕಡೆಯ ಜೈನಾಪುರದಲ್ಲಿ, ಅಮರಪ್ಪನ ಮನೆಯಲ್ಲಿ ಬರ ಎಂದರೆ ಒಂದೇ ಬರ. ಅವನ ಅಪ್ಪ ಹುಟ್ಟಿದ ವರ್ಷದ್ದು. ಅಜ್ಜಿ ಅದರ ಮಾತು ಎತ್ತಿದರೆ ಬೇರೆ ಗುರುತು ಹೇಳುವ ಕಾರಣವಿರಲಿಲ್ಲ. ಇವನು ಕೇಳದೆ ಅಪ್ಪನ ವರ್ಷವನ್ನೇ ಬರೆದ. ಖಂಡಪ್ಪ ಇನ್ನೂ ಏನೋ ಹೇಳುತ್ತಿದ್ದ. ಅವ್ವ, ಕೂಸು, ಹೊಲದಲ್ಲಿ ಗುಡಿಸಲು ಎಂದೇನೋ. ಅಷ್ಟರಲ್ಲಿ ಇವನು ಶಾಯಿ ಹೀರುವ ಕಾಗದವನ್ನು ಅಂಕಿಯ ಮೇಲೆ ಒತ್ತಿಯಾಗಿತ್ತು. ಈಗ ಆ ಕಾಗದದ ಒತ್ತು ಮತ್ತೆ ಬೆರಳಿಗೆ ಬಂದಂತಾಯಿತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು ಬರಕ್ಕಲ್ಲ. ಪ್ಲೇಗಿಗೆ. ಪ್ಲೇಗು ಬಂದದ್ದು ಯಾವಾಗ? ತನ್ನ ಅಪ್ಪನ ವಯಸ್ಸನ್ನು ಒಬ್ಬನಿಗೆ ಕೊಟ್ಟು ಮೂರು ವರ್ಷ ಅವನನ್ನು ಏಕವಚನದಲ್ಲಿ ಕೂಗಿದೆನಲ್ಲ ಎಂಬ ಬೇರೆಯೇ ಒಂದು ವಿಚಾರ ನಡುವೆ ಬಂತು. ಅದರ ಹಿಂದೆ ಅಡಗಿಕೊಳ್ಳಬಹುದೆಂದು ತೋರಿದ್ದರಿಂದ ಸ್ವಲ್ಪ ಹೊತ್ತು ಅದನ್ನೇ ಮೆಲುಕು ಹಾಕಿದ.

ಹನ್ನೊಂದರ ಸುಮಾರಿಗೆ ಎದ್ದು ಪ್ರಿನ್ಸಿಪಾಲರ ಕೋಣೆಯ ಪರದೆಯ ತನಕ ಹೋದ. ಹಸಿರು ಪರದೆ, ಕೈ ಹಿಡಿಯುವ ಜಾಗದಲ್ಲಿ ಜಿಡ್ಡಾಗಿತ್ತು. ಒಳಗೆ ಮೇಜಿನ ಎಡಗಡೆಯ ಕಾಗದಗಳಲ್ಲಿ, ಪಾಠ ಹೇಳುವ ಕೆಲಸಕ್ಕೆ ಅಮರಪ್ಪ ಹಾಕಿದ ಅರ್ಜಿ ಇತ್ತು. ಬರುವ ಜೂನಿನಿಂದ ಕನ್ನಡಕ್ಕೆ ಒಬ್ಬ ಟ್ಯೂಟರ ಬೇಕಾಗಬಹುದು, ನೋಡೋಣ ಎಂದು ಪ್ರಿನ್ಸಿಪಾಲರು ಅಂದಿದ್ದರು. ಆ 'ನೋಡೋಣ'ವನ್ನು ಅಮರಪ್ಪ ಎರಡು ತಿಂಗಳಿಂದ ನೆಚ್ಚಿಕೊಂಡಿದ್ದ. ದಾಖಲೆಯಲ್ಲಿ ಕೇಳದೆ, ತಿಳಿಯದೆ, ಮನೆಯ ಲೆಕ್ಕ ಹಿಡಿದು ವರ್ಷ ಬರೆದವನು ಎಂದು ತಾನೇ ಹೋಗಿ ಹೇಳಿದರೆ ಆ ಅರ್ಜಿ ಅಲ್ಲಿಂದ ಎಲ್ಲಿಗೆ ಹೋಗುತ್ತದೆಯೆಂದು ಯೋಚಿಸಬೇಕಾಗಿರಲಿಲ್ಲ. ಈ ಕುರ್ಚಿಯೂ ಉಳಿಯುವ ಭರವಸೆಯಿರಲಿಲ್ಲ. ಪರದೆಯ ಕೆಳಗೆ ಇವನ ಕಾಲು ಕಂಡಿರಬೇಕು, ಏನು ಎಂದು ಒಳಗಿನಿಂದ ದನಿ ಬಂತು. ಏನಿಲ್ಲ ಸರ್ ಎಂದು ಹೇಳಿ ತಿರುಗಿದ. ತಿರುಗಿದಾಗ ಖಂಡಪ್ಪ ವಹಿಯೊಂದಿಗೆ ಎದುರಿಗೆ ಬರುತ್ತಿದ್ದ. ಅವನು ಏನೂ ಸಾರುತ್ತಿರಲಿಲ್ಲ. ವಹಿ ತೆರೆದು ಮುಂದೆ ಹಿಡಿದ. ಒಂಬತ್ತು 'ಕಂಡೆ', ಒಂಬತ್ತು ಸಹಿ. ಅಮರಪ್ಪ ಮಸಿಯ ಪ್ಯಾಡು ತೆರೆದುಕೊಟ್ಟ, ಖಂಡಪ್ಪ ಹೆಬ್ಬೆಟ್ಟು ಒತ್ತಿದ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದ. ಮಧ್ಯಾಹ್ನ ಎರಡರ ಮೋಟಾರಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದ.

ಅಮರಪ್ಪನ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಅರಿವೆ ಅಂಗಡಿಯವರ ಮಾಳಿಗೆಯ ಮೇಲೆ. ಊಟಕ್ಕೆ ಕುಳಿತಾಗ ಹೆಂಡತಿ ಗುರುಬಸವ್ವ ರೊಟ್ಟಿ ಹಾಕುತ್ತ ಅರ್ಜಿಯ ಸುದ್ದಿ ಕೇಳಿದಳು. ಅವಳೂ ಖಂಡಪ್ಪನ ಹಾಗೆ ಟಿಕೋಟದ ಕಡೆಯವಳೆಂಬುದು, ಮದುವೆಯಾಗಿ ನಾಲ್ಕು ವರ್ಷವಾದ ಮೇಲೆ, ಆ ಗಳಿಗೆಯಲ್ಲಿ ಮೊದಲ ಸಲ ಉಪಯೋಗಕ್ಕೆ ಬರುವ ವಿಷಯವಾಗಿ ಕಂಡಿತು.

"ನಿಮ್ಮ ಕಡೆ ಬರ ಅಂದ್ರ ಯಾವುದು?" ಎಂದು ಕೇಳಿದ.

"ಯಾಕ, ಹೊಸಾದೊಂದ ತರಾಕ ಹೊಂಟೀರೇನು?"

ಇವನು ನಗದೆ ಇದ್ದದ್ದನ್ನು ನೋಡಿ ಅವಳು ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟಳು. "ಪಿಳೇಗಿನ ಹಿಂದಿನ ವರ್ಷದ್ದು. ನಮ್ಮಜ್ಜಿ ಹೇಳಾಕಿ. ಬರದಾಗ ಹಡದ ಕೂಸುಗಳ್ನ ಮರುವರ್ಷ ಹೊಲದಾಗ, ಗುಡಸಲದಾಗ ಬೆಳೆಸಿದ್ರಂತ. ಇದ ನಿಮಗ ಗೊತ್ತಿಲ್ಲ?"

ಪ್ಲೇಗಿನ ಹಿಂದಿನ ವರ್ಷ ಎಂದರೆ ತೊಂಬತ್ತೇಳು. ಐದು ವರ್ಷ. ಬಬಲೇಶ್ವರದ ಕಡೆಯ ಬರಕ್ಕೂ ಟಿಕೋಟದ ಕಡೆಯ ಬರಕ್ಕೂ ಐದು ವರ್ಷದ ಅಂತರ, ಅಷ್ಟು ಅಂತರದಲ್ಲಿ ಒಬ್ಬ ಮನುಷ್ಯ ಮುದುಕನಾಗಿದ್ದ. ಕೈ ತೊಳೆದುಕೊಂಡ. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು. ಗುರುಬಸವ್ವ ಹಿಂದಿನಿಂದ ಏನೋ ಅಂದದ್ದು ಮೆಟ್ಟಿಲಿನ ತನಕ ಕೇಳಿಸಿತು, ಆಮೇಲೆ ಬಜಾರದ ಗದ್ದಲದಲ್ಲಿ ಹೋಯಿತು.

ಟಿಕೋಟದ ಸರ್ವಿಸ್ ಮೋಟಾರು ಇನ್ನೂ ನಿಂತಿತ್ತು. ಡ್ರೈವರ ಒಂದು ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ಯಾರನ್ನೋ ಬೈಯುತ್ತಿದ್ದ. ಖಂಡಪ್ಪ ಮೋಟಾರಿನ ನೆರಳಲ್ಲಿ ಗಂಟಿನ ಮೇಲೆ ಕುಳಿತಿದ್ದ. ಮೊಣಕಾಲಿನ ಮೇಲೆ ಕೂಸಿನ ಹೊಸ ಕುಲಾವಿ ಇತ್ತು, ಕೆಂಪು ಅರಿವೆಯದು, ಅಂಚಿಗೆ ಜರಿ. ಒಳಗೆ ಮುಷ್ಟಿ ತೂರಿಸಿ, ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅಮರಪ್ಪನನ್ನು ಕಂಡು ಏಳಲು ಹೋದ, ಇವನು ಬೇಡವೆಂದು ಕೈ ಮಾಡಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಮೊದಲನೆಯದು ಯಾವುದೆಂದು ಮರೆತುಹೋಗಿತ್ತು. ಖಂಡಪ್ಪನೇ ಮಾತು ತೆಗೆದ.

"ಗೊತ್ತಾತ್ರಿ."

ಯಾರು ಹೇಳಿದರು ಎಂದು ಅಮರಪ್ಪ ಕೇಳಿದ.

"ಯಾರೂ ಹೇಳಲಿಲ್ಲ. ಎಲ್ಲಾರೂ 'ರಿ' ಹಚ್ಚಿದ್ರು." ಖಂಡಪ್ಪ ಕುಲಾವಿಯ ಜರಿಯನ್ನು ಬೆರಳಿನಿಂದ ಸರಿಮಾಡಿದ. "ಇಂಗ್ಲೀಷಿನ ಸಾಹೇಬ್ರು 'ಬರ್ರಿ ಖಂಡಪ್ಪ' ಅಂದ್ರು. ಇತಿಹಾಸದವ್ರು 'ಮಗಳು ಆರಾಮ ಅದಾಳೇನ್ರಿ' ಅಂದ್ರು. ಮೂರ ವರ್ಷದಾಗ ನನಗೊಬ್ಬ ಮಗಳ ಅದಾಳ ಅನ್ನೂದ ಅವರಿಗೆ ಗೊತ್ತಿದ್ದಿಲ್ಲ. ನಮ್ಮ ಊರಾಗ ಮನಷ್ಯಾ ಸತ್ತಮ್ಯಾಗ ಹಂಗ ಮಾತಾಡತಾರ್ರಿ. ಇರೂತನಕಾ 'ಲೇ ಖಂಡ್ಯಾ', ಹೋದಮ್ಯಾಗ 'ಭಾಳ ಚಲೋ ಇದ್ರು'." ಕುಲಾವಿಯನ್ನು ಇನ್ನೊಮ್ಮೆ ತಿರುಗಿಸಿ, "ಗಲಗಲಿ ಸಾಹೇಬ್ರೊಬ್ರು 'ಅಲ್ಲೇ ಇಡಲೇ ಮುದಕಾ' ಅಂದ್ರು. ಅಲ್ಲಿ ಒಂದ ಗಳಿಗಿ ಹೆಚ್ಚ ನಿಂತೆ."

ಗಲಗಲಿಯವರು ಗಣಿತದ ಪ್ರೊಫೆಸರರು. ಮೊದಲು ಹೈಸ್ಕೂಲಿನಲ್ಲಿದ್ದು, ಅಲ್ಲಿ ಅಮರಪ್ಪನಿಗೂ ಕಲಿಸಿದವರು. ವಹಿಯಲ್ಲಿ ಏನಿದೆಯೆಂದು ಅವರು ಎಂದೂ ನೋಡುತ್ತಿರಲಿಲ್ಲ.

"ಮೊದಲ ಹಚ್ಚಿದವ್ರ ನೀವರಿ," ಎಂದ ಖಂಡಪ್ಪ. "ಮುಂಜಾನಿ 'ನಿಮಗ' ಅಂದ್ರಿ. ಆವಾಗ ನನಗ ತಿಳೀಲಿಲ್ಲ. ಖುಷಿ ಆಗಿತ್ತು."

ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಅಮರಪ್ಪ ಅದನ್ನು ಹಿಡಿದು ಏನಾದರೂ ಸಮಾಧಾನ ಹೇಳುತ್ತಿದ್ದ. ಮೋಟಾರಿನ ಬಿಸಿ ತಗಡಿನ ಮೇಲೆ ಕೈಯಿಟ್ಟು, ಸುಡುತ್ತಿದ್ದರೂ ತೆಗೆಯದೆ, ಹೇಳಿದ. "ಖಂಡಪ್ಪ, ನಿನ್ನ ವರ್ಷಾ ನಾ ತಪ್ಪ ಬರದೇನಿ. ನೀ ಹುಟ್ಟಿದ ಬರಾ ಬ್ಯಾರೆ, ನಾ ಬರದ ಬರಾ ಬ್ಯಾರೆ. ನಿನಗ ಇನ್ನೂ ಐವತ್ತ."

ಡ್ರೈವರ ಎದ್ದು ಹ್ಯಾಂಡಲು ತಿರುವಲು ಹೋದ, ಜನ ಗಂಟುಗಳನ್ನು ಎತ್ತಿಕೊಂಡರು. ಐದು ವರ್ಷವೆಂದರೆ ಪರಸವ್ವನ ಕೂಸು ಸಾಲಿ ಕಲಿಯಲು ಹೋಗುವಷ್ಟು ದೊಡ್ಡದಾಗುತ್ತದೆ ಎಂದು ಖಂಡಪ್ಪ ತನಗೇ ಹೇಳಿಕೊಂಡಂತೆ ಹೇಳಿದ. ಕುಲಾವಿಯನ್ನು ಅಂಗಿಯ ಒಳಗೆ ಇಟ್ಟುಕೊಂಡ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ನನಗ ಹೇಳಿದ್ರ ಏನಾತ್ರಿ? ನಾ ಎಲ್ಲಿ ಹೆಬ್ಬಟ್ಟ ಒತ್ಲಿ? ನಿರೋಪ ಅಂದ್ರ ವಹ್ಯಾಗ ಬರೀಬೇಕು."

ಮೋಟಾರು ಹೋದ ಮೇಲೆ ಧೂಳು ಇಳಿಯುವ ತನಕ ಅಮರಪ್ಪ ಅಲ್ಲೇ ನಿಂತ. ಆ ಸಂಜೆ ಅವನು ಯಾರ ಹತ್ತಿರವೂ ಹೋಗಲಿಲ್ಲ. ಗುರುಬಸವ್ವನಿಗೂ ಹೇಳಲಿಲ್ಲ. ಹೇಳಿದರೆ ಅವಳು ಬೇಡವೆನ್ನುತ್ತಾಳೆಂಬ ಅಂಜಿಕೆಯೋ, ಬೇಡವೆಂದರೆ ತನಗೆ ಹಗುರಾಗುತ್ತದೆಂಬ ಅಂಜಿಕೆಯೋ, ಬಿಡಿಸಿ ನೋಡುವ ತ್ರಾಣ ಉಳಿದಿರಲಿಲ್ಲ.

ಮರುದಿನ ಮುಂಜಾನೆ ಮೊದಲನೆಯ ಗಂಟೆಯನ್ನು ತಾನೇ ಹೊಡೆದ. ಸುತ್ತಿಗೆ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಆಮೇಲೆ ಕುಳಿತು ವಹಿ ತೆರೆದ. ಹಿಂದಿನ ದಿನದ ಹಾಳೆಯಲ್ಲಿ ಖಂಡಪ್ಪನ ಹೆಬ್ಬೆಟ್ಟು ಕಪ್ಪಗೆ, ಒತ್ತಾಗಿ ಕುಳಿತಿತ್ತು. ಅದರ ಕೆಳಗೆ ಪ್ರಿನ್ಸಿಪಾಲರ ಸಹಿ ಬಿದ್ದಿತ್ತು. ಈ ವಹಿಯಲ್ಲಿ ಇಲ್ಲಿಯವರೆಗೆ ಪ್ರಿನ್ಸಿಪಾಲರ ಅಪ್ಪಣೆಯಿಲ್ಲದೆ ಒಂದಕ್ಷರ ಬಿದ್ದಿರಲಿಲ್ಲ. ಅಮರಪ್ಪ ಬರೆದ. 'ಶಿಪಾಯಿ ಖಂಡಪ್ಪನು ಹುಟ್ಟಿದ ವರ್ಷ ೧೮೯೭. ದಾಖಲೆಯಲ್ಲಿ ೧೮೯೨ ಎಂದು ಇದ್ದದ್ದು ಅವನ ಮಾತಲ್ಲ. ಅವನು ಹೇಳುತ್ತಿದ್ದಾಗ ಕೇಳದೆ ಬರೆದವನು ಕೆಳಗೆ ಸಹಿ ಮಾಡಿದವನು. ಖಂಡಪ್ಪನಿಗೆ ವಯೋಮಿತಿ ತುಂಬಿಲ್ಲ.' ಈ ಸಲ 'ಇವರು' ಬರದಂತೆ ನೋಡಿಕೊಂಡ. ಸಹಿ ಮಾಡಿದ. ಒಯ್ಯಲು ಯಾರೂ ಇರಲಿಲ್ಲ. ವಹಿಯನ್ನು ಕೈಯಲ್ಲಿ ಹಿಡಿದು ಹೊರಟ, ನಾಲ್ಕು ಹೆಜ್ಜೆಯ ಮೇಲೆ ಅದು ತಾನಾಗಿ ಬಗಲಿಗೆ ಹೋಯಿತು.

ಇಂಗ್ಲಿಷಿನವರು ಯಾರೊಂದಿಗೋ ಮಾತಾಡುತ್ತ, ಹಾಳೆಯ ಕೆಳಗೆ ಜಾಗ ಹುಡುಕಿ 'ಕಂಡೆ' ಎಂದು ಬರೆದು ವಹಿಯನ್ನು ಹಿಂದಕ್ಕೆ ಸರಿಸಿದರು. ಇತಿಹಾಸದವರು, ನಾಳೆ ಸೂಟಿಯೇ ಎಂದು ಕೇಳಿ, ಅಲ್ಲವೆಂದಾಗ ನಿರಾಶೆಯಿಂದ ಸಹಿ ಮಾಡಿದರು. ಜೊತೆಗೆ ಓದಿದವನು ಸಹಿ ಮಾಡುತ್ತ, ನಿನಗೂ ಈ ಕೆಲಸ ಬಂತೇನೋ ಎಂದು ಚೇಷ್ಟೆ ಮಾಡಿದ. ಪ್ರತಿ ಮೇಜಿನ ಮುಂದೆಯೂ ಅಮರಪ್ಪ ಅವರ ಕಣ್ಣು ಯಾವ ಸಾಲಿನ ಮೇಲಿದೆಯೆಂದು ನೋಡುತ್ತಿದ್ದ. ಯಾರೂ ಓದುತ್ತಿರಲಿಲ್ಲ. ನಿನ್ನೆ ಖಂಡಪ್ಪ ತನ್ನ ಬಾಯಿಂದ ರಜೆಯ ಸುದ್ದಿ ಸಾರಿದ್ದಕ್ಕೇ, ಇದೇನೆಂದು ಅಪರೂಪಕ್ಕೆ ಓದಿದ್ದರೇನೋ. ಹೀಗೆ ಎಲ್ಲರ ಸಹಿಯೊಂದಿಗೆ ಯಾರೂ ಕಾಣದೆ ಇದು ಮುಗಿದುಹೋಗಬಹುದು ಎಂಬ ಆಸೆ ಹುಟ್ಟಿತು. ಹುಟ್ಟಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಆಸೆ ಹೋಗಲಿಲ್ಲ.

ಗಲಗಲಿಯವರ ಕೋಣೆ ಕೊನೆಯದು. ಅವರು ಉತ್ತರಪತ್ರಿಕೆಗಳ ಮೇಲೆ ಬಗ್ಗಿದ್ದರು, ಪಕ್ಕದ ಕುರ್ಚಿಯ ಮೇಲೂ ಅವೇ ರಾಶಿ ಬಿದ್ದಿದ್ದವು. ಚಪ್ಪಲಿಯ ಸಪ್ಪಳ ಕೇಳಿ ತಲೆ ಎತ್ತದೆ ಅಂದರು.

"ಅಲ್ಲೇ ಇಡಲೇ."

ಇಡಬಹುದಿತ್ತು. ಇಟ್ಟು ಹೋದರೆ ಸಂಜೆಯೊಳಗೆ ಸಹಿಯಾಗುತ್ತಿತ್ತು. ಅಮರಪ್ಪ ವಹಿಯನ್ನು ಅವರ ಪತ್ರಿಕೆಗಳ ಮೇಲೆಯೇ ತೆರೆದಿಟ್ಟು ತನ್ನ ಬೆರಳನ್ನು ಮೊದಲ ಸಾಲಿನ ಕೆಳಗೆ ಹಿಡಿದ.

"ಓದಿ ಸಹಿ ಮಾಡ್ರಿ, ಸರ್."

ದನಿ ಖಂಡಪ್ಪನದಲ್ಲವೆಂದು ಗಲಗಲಿಯವರು ತಲೆ ಎತ್ತಿದರು. ಅಮರಪ್ಪನನ್ನು ನೋಡಿದರು, ಬೆರಳನ್ನು ನೋಡಿದರು, ಓದಿದರು. ಹಾಳೆ ತಿರುವಿ ಹಿಂದಿನ ದಿನದ್ದನ್ನೂ ಓದಿದರು, ಅಲ್ಲಿದ್ದ ತಮ್ಮ ಸಹಿಯ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಮತ್ತೆ ಈ ಹಾಳೆಗೆ ಬಂದು ಇನ್ನೊಮ್ಮೆ ಓದಿದರು. ಆಮೇಲೆ ಎಲ್ಲರ 'ಕಂಡೆ'ಗಳ ಕೆಳಗೆ 'ಓದಿದೆ' ಎಂದು ಬರೆದು ಸಹಿ ಮಾಡಿದರು. ಪೆನ್ನಿನ ಟೊಪ್ಪಿಗೆ ಹಾಕಿ, ಎದ್ದು, ಪಕ್ಕದ ಕುರ್ಚಿಯ ಮೇಲಿನ ರಾಶಿಯನ್ನು ತಾವೇ ಎತ್ತಿ ನೆಲಕ್ಕಿಟ್ಟರು.

"ಕೂಡ್ರಿ, ಅಮರಪ್ಪನವರ," ಎಂದರು.

ಹೈಸ್ಕೂಲಿನ ಮೂರು ವರ್ಷ, ಇಲ್ಲಿಯ ಮೂರು ವರ್ಷ, 'ಏನಲೇ ಅಮರಪ್ಪ' ಎಂಬುದನ್ನು ಬಿಟ್ಟು ಅವರ ಬಾಯಿಂದ ಅವನು ಬೇರೆ ಕೇಳಿರಲಿಲ್ಲ. ಖಾಲಿಯಾದ ಕುರ್ಚಿಯ ಮೇಲೆ ಹಲಗೆಗೆ ಬರೆಯುವ ಖಡುವಿನ ಬಿಳಿ ಪುಡಿ ಬಿದ್ದಿತ್ತು. ಅವನು ಅದನ್ನು ನೋಡುತ್ತ ನಿಂತ.

"ಇಲ್ರಿ ಸರ್. ಗಂಟಿ ಹೊಡೀಬೇಕು."

ವಹಿಯಲ್ಲಿ ಇನ್ನು ಒಂದೇ ಸಹಿ ಉಳಿದಿತ್ತು, ಪ್ರಿನ್ಸಿಪಾಲರದು. ಅದನ್ನು ಬಗಲಿಗೆ ಸಿಕ್ಕಿಸಿಕೊಂಡು ಪಡಸಾಲೆಗೆ ಬಂದಾಗ, ದೂರದ ತುದಿಯಲ್ಲಿ ಹಸಿರು ಪರದೆ ಗಾಳಿಗೆ ಒಮ್ಮೆ ಉಬ್ಬಿ ಇಳಿಯಿತು. ತರಗತಿಗಳೊಳಗಿಂದ ಹುಡುಗರ ಗದ್ದಲ ಕೇಳುತ್ತಿತ್ತು, ಗಂಟೆ ಹೊಡೆದು ಅವರನ್ನು ಬಿಡಿಸುವವರಿರಲಿಲ್ಲ. ಬೇವಿನ ಮರದ ಕೆಳಗೆ ನಿಂತು ವಹಿ ಬೀಳದಂತೆ ತೋಳನ್ನು ಬಿಗಿಹಿಡಿದು ಇನ್ನೊಂದು ಕೈಯಿಂದ ಸುತ್ತಿಗೆ ಎತ್ತಿದ. ಗಂಟೆ ಆಗಲೇ ಐದು ಮಿನಿಟು ತಡವಾಗಿತ್ತು.